ಎರಡು ನೌಕರಿಗಳ ನಡುವೆ ಆಸ್ಪತ್ರೆಯ ಖರ್ಚಿಗೆ ಆಸರೆ ಯಾವುದು?

ಒಂದೇ ಸಂಸ್ಥೆಯಲ್ಲಿ ನೌಕರಿಗೆ ಸೇರಿ ಅಲ್ಲಿಯೇ ನಿವೃತ್ತರಾಗುವವರು ಇಂದು ನಮ್ಮ ಕುಟುಂಬಗಳಲ್ಲಿ ವಿರಳ. ಬೆಂಗಳೂರಿನ ಒಂದು ಕಂಪನಿಯಿಂದ ಮತ್ತೊಂದಕ್ಕೆ, ಮುಂಬಯಿಯಿಂದ ಕೊಲ್ಲಿ ರಾಷ್ಟ್ರಗಳಿಗೆ, ಅಲ್ಲಿಂದ ಮರಳಿ ಊರಿಗೆ ಎಂದು ನಮ್ಮ ಯುವಕ ಯುವತಿಯರು ಸಂಚರಿಸುತ್ತಲೇ ಇರುತ್ತಾರೆ. ನೌಕರಿ ಬದಲಾಗುವ ಸಂದರ್ಭದಲ್ಲಿ ಮನೆಯಲ್ಲಿ ಸಂಬಳದ ಮಾತು, ಭವಿಷ್ಯನಿಧಿಯ ಮಾತು, ಬಾಡಿಗೆ ಮನೆಯ ಮಾತು, ಮಕ್ಕಳ ಶಾಲೆಯ ಮಾತು ನಡೆಯುತ್ತದೆ. ಹಳೆಯ ಕಂಪನಿಯ ಆರೋಗ್ಯ ವಿಮೆ ಯಾವ ದಿನಕ್ಕೆ ಮುಗಿಯುತ್ತದೆ, ಹೊಸದು ಯಾವ ದಿನದಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೆ ಕೇಳಿಬರುತ್ತದೆ. ಆ ಎರಡು ದಿನಾಂಕಗಳ ನಡುವೆ ಮನೆಯವರೊಬ್ಬರು ಆಸ್ಪತ್ರೆ ಸೇರಿದರೆ, ಅನೇಕ ವರ್ಷಗಳ ಉಳಿತಾಯವೂ ಕೆಲವೊಮ್ಮೆ ಅಡವಿಟ್ಟ ಒಡವೆಗಳೂ ಒಂದೇ ವಾರದಲ್ಲಿ ಕರಗಿಹೋಗುತ್ತವೆ. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತ.

ಸಮೂಹ ವಿಮೆಯ ಸ್ವರೂಪ

ಕಂಪನಿಗಳು ನೌಕರರಿಗೆ ನೀಡುವುದು ಸಮೂಹ ವಿಮೆ. ಅದರ ಒಪ್ಪಂದ ಇರುವುದು ಕಂಪನಿಗೂ ವಿಮಾ ಸಂಸ್ಥೆಗೂ ನಡುವೆ. ನೌಕರನು ಆ ಒಪ್ಪಂದದ ನೆರಳಿನಲ್ಲಿ ನಿಂತವನೇ ಹೊರತು ಅದರ ಒಡೆಯನಲ್ಲ. ಮೊದಲ ದಿನದಿಂದಲೇ ಹಳೆಯ ರೋಗಗಳಿಗೂ ಹೆರಿಗೆಗೂ ರಕ್ಷಣೆ ಕೊಡುವ ಸಮೂಹ ಪಾಲಿಸಿಗಳು ಅನೇಕವಿವೆ; ಅದು ಅವುಗಳ ದೊಡ್ಡ ಅನುಕೂಲ. ಆದರೆ ರಾಜೀನಾಮೆ ಕೊಟ್ಟವನ ಹೆಸರು ಸಾಮಾನ್ಯವಾಗಿ ಅವನ ಕೆಲಸದ ಕೊನೆಯ ದಿನವೇ ಆ ಪಟ್ಟಿಯಿಂದ ಹೊರಬೀಳುತ್ತದೆ. ಬಾಕಿ ಸಂಬಳ ಮತ್ತು ಗ್ರಾಚ್ಯುಟಿ ಕೈಸೇರುವುದು ತಡವಾಗಬಹುದು. ವಿಮೆ ಅದಕ್ಕಾಗಿ ಕಾಯುವುದಿಲ್ಲ.

ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಮೂವತ್ತನಾಲ್ಕು ವರ್ಷದ ಮಗ, ಅವನ ಪತ್ನಿ, ಒಂದು ಮಗು, ಊರಿನಲ್ಲಿ ಸಕ್ಕರೆ ಕಾಯಿಲೆಯ ತಂದೆ ಮತ್ತು ತಾಯಿ. ಐವರೂ ಹಳೆಯ ಕಂಪನಿಯ ಪಾಲಿಸಿಯಲ್ಲಿದ್ದರು. ಮಗ ಮಾರ್ಚ್ 31ಕ್ಕೆ ಕೆಲಸ ಬಿಟ್ಟು ಮೇ 16ಕ್ಕೆ ಹೊಸ ಕಂಪನಿ ಸೇರುತ್ತಾನೆ. ಅಂತರ 45 ದಿನ. ಹೊಸ ಕಂಪನಿ ಪತ್ನಿಗೂ ಮಗುವಿಗೂ ವಿಮೆ ಕೊಡುತ್ತದೆ, ತಾಯಿತಂದೆಯರಿಗೆ ಕೊಡುವುದಿಲ್ಲ. ಮಗನ ದೃಷ್ಟಿಗೆ ಇದು ಆರೇಳು ವಾರಗಳ ಸಮಸ್ಯೆ. ತಂದೆಯ ಪಾಲಿಗೆ ಆ ಅಂತರಕ್ಕೆ ಕೊನೆಯೇ ಇಲ್ಲ. ಎರಡು ನೌಕರಿಗಳ ನಡುವಿನ ವಿಮೆಯ ಪ್ರಶ್ನೆಯನ್ನು ಚರ್ಚಿಸುವಾಗ ನೌಕರಿ ಮಾಡುವವನ ಆರೋಗ್ಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ನಮ್ಮ ಮನೆಗಳಲ್ಲಿ ಕಂಡುಬರುವ ದೊಡ್ಡ ಕೊರತೆ. ಆರೋಗ್ಯವಂತನಾದ ಯುವಕನಿಗೆ ಆ ದಿನಗಳು ಹೇಗೋ ಕಳೆಯುತ್ತವೆ. ವೃದ್ಧರಿಗೂ ಗರ್ಭಿಣಿಯರಿಗೂ ಹಾಗೆ ಕಳೆಯುವುದೆಂಬ ಭರವಸೆ ಇಲ್ಲ.

ಎರಡು ತಿಂಗಳ ಪಾಲಿಸಿ ಇದೆಯೆ?

'ಎರಡು ತಿಂಗಳ ಮಟ್ಟಿಗೆ ಒಂದು ಚಿಕ್ಕ ಪಾಲಿಸಿ ಸಿಗುವುದಿಲ್ಲವೆ?' ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಇಂತಹ ಅಲ್ಪಾವಧಿ ಪಾಲಿಸಿಗಳ ಮಾರುಕಟ್ಟೆಯೇ ಇದೆ. ಮೊದಲೇ ಇದ್ದ ರೋಗಗಳಿಗೆ ಅವು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆದರೆ ಅಲ್ಲಿ 1986ರಲ್ಲಿ ಜಾರಿಗೆ ಬಂದ 'ಕೋಬ್ರಾ' ಕಾಯ್ದೆಯಂತೆ, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಿಂದ ಹೊರಬಂದವನು ಪೂರ್ಣ ಕಂತನ್ನು ತಾನೇ ತೆತ್ತು ಸಾಮಾನ್ಯವಾಗಿ 18 ತಿಂಗಳವರೆಗೆ ಅದೇ ವಿಮೆಯಲ್ಲಿ ಮುಂದುವರಿಯಬಹುದು. ಅದನ್ನು ಆರಿಸಿಕೊಳ್ಳಲು 60 ದಿನಗಳ ಅವಕಾಶವಿದೆ. ಅಲ್ಲಿ ನೆಲೆಸಿರುವ ನಮ್ಮ ಮಕ್ಕಳು ಇದನ್ನು ನೆನಪಿಡಬೇಕು. ನಮ್ಮ ದೇಶದಲ್ಲಿ ಇಂತಹ ಕಾಯ್ದೆ ಇಲ್ಲ. ಇಲ್ಲಿ ಆಸ್ಪತ್ರೆ ಖರ್ಚನ್ನು ಭರಿಸುವ ಪಾಲಿಸಿಗಳು ಸಾಮಾನ್ಯವಾಗಿ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚಿನ ಅವಧಿಯವು. 2020ರಲ್ಲಿ ಬಂದ 'ಕೊರೊನಾ ಕವಚ್' ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳ ಅವಧಿಗೆ ದೊರೆಯುತ್ತಿತ್ತಾದರೂ ಅದು ಆ ಒಂದು ರೋಗಕ್ಕೆ ಸೀಮಿತವಾಗಿತ್ತು.

ಚಿಕ್ಕ ಅವಧಿಯ ಪಾಲಿಸಿ ಸಿಕ್ಕಿದರೂ ಅದರಿಂದ ನಿರೀಕ್ಷಿತ ಪ್ರಯೋಜನವಾಗದು ಎಂಬುದಕ್ಕೆ ಕಾರಣವಿದೆ. ವೈಯಕ್ತಿಕ ಪಾಲಿಸಿ ಕೊಂಡ ಮೊದಲ 30 ದಿನ ಅಪಘಾತದ ಹೊರತು ಬೇರೆ ಯಾವ ಕಾಯಿಲೆಗೂ ಹಣ ದೊರೆಯುವುದಿಲ್ಲ. ಮೇಲಿನ ಉದಾಹರಣೆಯ ಮಗ ಏಪ್ರಿಲ್ 1ರಂದು ಪಾಲಿಸಿ ಕೊಂಡನೆಂದರೆ, ಕಾಯಿಲೆಗೆ ರಕ್ಷಣೆ ಸಿಗುವುದು ಮೇ 1ರಿಂದ. ಅವನ 45 ದಿನಗಳಲ್ಲಿ 30 ದಿನ ಹಾಗೆಯೇ ಕಳೆದಿರುತ್ತವೆ. ಇದಲ್ಲದೆ ಕಣ್ಣಿನ ಪೊರೆ, ಹರ್ನಿಯಾ, ಮೊಣಕಾಲಿನ ಕೀಲು ಬದಲಾವಣೆ ಮುಂತಾದ ನಿರ್ದಿಷ್ಟ ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಪಾಲಿಸಿ ಕೊಳ್ಳುವ ಮುನ್ನವೇ ಇದ್ದ ರೋಗಗಳಿಗೆ ಈ ಕಾಯುವ ಅವಧಿ ಮೂರು ವರ್ಷದವರೆಗೂ ಇರಬಹುದು. ಹಿಂದೆ ಇದು ನಾಲ್ಕು ವರ್ಷವಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್‌ನಿಂದ ಅದನ್ನು 36 ತಿಂಗಳಿಗೆ ಇಳಿಸಿದೆ. ಹೆರಿಗೆ ವೆಚ್ಚಕ್ಕಂತೂ ವೈಯಕ್ತಿಕ ಪಾಲಿಸಿಗಳಲ್ಲಿ ರಕ್ಷಣೆ ಇದ್ದರೆ, ಕಾಯುವ ಅವಧಿ ಒಂದರಿಂದೊಂದಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಪತ್ನಿ ಗರ್ಭಿಣಿಯಾಗಿರುವಾಗ ನೌಕರಿ ಬಿಡುವ ಗೃಹಸ್ಥನು ಹೊಸ ಕಂಪನಿಯ ಪಾಲಿಸಿಯಲ್ಲಿ ಹೆರಿಗೆಗೆ ಮೊದಲ ದಿನದಿಂದ ರಕ್ಷಣೆ ಇದೆಯೆ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಂಡ ಮೇಲೆಯೇ ದಿನಾಂಕ ನಿಶ್ಚಯಿಸುವುದು ಕ್ಷೇಮ.

ಹೀಗಾಗಿ ವಿಮೆಯಲ್ಲಿ ಬೆಲೆಯುಳ್ಳದ್ದು ನಿರಂತರತೆ. ಅಂತರ ಎದುರಾದಾಗ ಅದನ್ನು ಮುಚ್ಚಲು ಪಾಲಿಸಿ ಹುಡುಕುವುದಕ್ಕಿಂತ, ನೌಕರಿ ಇರುವಾಗಲೇ ಕುಟುಂಬದ ಹೆಸರಿನಲ್ಲಿ ಒಂದು ಸ್ವಂತ ಪಾಲಿಸಿಯನ್ನು ಆರಂಭಿಸಿ ಬೆಳೆಸಿಕೊಳ್ಳುವುದು ಮೇಲು. ಕಂಪನಿಯ ವಿಮೆ ಇರುವವರೆಗೆ ಅದು ಸುಮ್ಮನಿರಬಹುದು. ಕಾಯುವ ಅವಧಿಗಳು ಮಾತ್ರ ತಮ್ಮ ಪಾಡಿಗೆ ಕಳೆಯುತ್ತಿರುತ್ತವೆ.

ಕೆಲಸ ಬಿಡುವ ಮುನ್ನ

ಹಾಗೆ ಮಾಡದೆ ಇದ್ದವರು ಏನು ಮಾಡಬೇಕು? ಮೊದಲ ಹೆಜ್ಜೆಯನ್ನು ರಾಜೀನಾಮೆಯ ಅವಧಿಯಲ್ಲೇ ಇಡಬೇಕು. ಸಮೂಹ ಪಾಲಿಸಿಯಿಂದ ಹೊರಬರುವ ನೌಕರನಿಗೂ ಅವನ ಕುಟುಂಬದವರಿಗೂ ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಅಥವಾ ಕುಟುಂಬ ಪಾಲಿಸಿಗೆ ವಲಸೆ ಹೋಗುವ ಅವಕಾಶವನ್ನು ನಿಯಂತ್ರಣ ಪ್ರಾಧಿಕಾರದ ನಿಯಮಗಳು ಒದಗಿಸಿವೆ. ಹೀಗೆ ವಲಸೆ ಹೋದಾಗ ಸಮೂಹ ಪಾಲಿಸಿಯಲ್ಲಿ ಕಳೆದ ಕಾಲವು ಆ ವಿಮಾ ಮೊತ್ತದ ಮಟ್ಟಿಗೆ ಕಾಯುವ ಅವಧಿಯಲ್ಲಿ ಜಮೆಯಾಗುತ್ತದೆ. ಸಂಸ್ಥೆ ತನ್ನ ಪರಿಶೀಲನೆ ನಡೆಸುತ್ತದೆ, ಕಂತಿನ ದರವೂ ಬೇರೆಯಾಗಿರುತ್ತದೆ. ಆದರೂ ಸಕ್ಕರೆ ಕಾಯಿಲೆಯ ತಂದೆಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಕೆಲಸದ ಕೊನೆಯ ದಿನ ಕಳೆದ ಮೇಲೆ ಕೇಳಿದರೆ ಈ ಅವಕಾಶ ಕೈತಪ್ಪಬಹುದು. ಆದಕಾರಣ ಸಿಬ್ಬಂದಿ ವಿಭಾಗದಿಂದ ಪಾಲಿಸಿಯ ಸಂಖ್ಯೆ, ಸೇರಿದ ದಿನಾಂಕ, ಸೇರಿಸಲ್ಪಟ್ಟ ಸದಸ್ಯರ ಹೆಸರುಗಳು, ಪಡೆದ ಕ್ಲೇಮುಗಳ ವಿವರ ಇವಿಷ್ಟನ್ನು ಪತ್ರರೂಪದಲ್ಲಿ ಪಡೆದುಕೊಂಡು ಮೊದಲೇ ಅರ್ಜಿ ಸಲ್ಲಿಸಬೇಕು.

ಎರಡನೆಯದು, ಪತಿಪತ್ನಿಯರಿಬ್ಬರೂ ನೌಕರಿಯಲ್ಲಿದ್ದರೆ, ಒಬ್ಬರ ಕಂಪನಿಯ ವಿಮೆಗೆ ಇನ್ನೊಬ್ಬರನ್ನು ವರ್ಷದ ನಡುವೆ ಸೇರಿಸಲು ಸಾಧ್ಯವೇ ಎಂದು ವಿಚಾರಿಸುವುದು. ಇದು ಆಯಾ ಕಂಪನಿಯ ಒಪ್ಪಂದವನ್ನು ಅವಲಂಬಿಸಿದೆ. ಕೇಳುವುದರಿಂದ ನಷ್ಟವೇನೂ ಇಲ್ಲ.

ಮೂರನೆಯದು, ಕಡಿಮೆ ವೇತನದ ನೌಕರರಿಗೆ ಸಂಬಂಧಿಸಿದ್ದು. ಕಾರ್ಮಿಕರ ರಾಜ್ಯ ವಿಮೆಯ, ಅಂದರೆ ಇಎಸ್‌ಐಯ, ವೇತನ ಮಿತಿಯನ್ನು 2017ರ ಜನವರಿಯಿಂದ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಈ ಯೋಜನೆಯಲ್ಲಿ ವಂತಿಗೆ ಕಟ್ಟಿದ ಅವಧಿಗೂ ಸೌಲಭ್ಯದ ಅವಧಿಗೂ ಒಂದು ಅಂತರವನ್ನು ಇರಿಸಲಾಗಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಯ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ವಂತಿಗೆಯ ಫಲ ಜುಲೈಯಿಂದ ಡಿಸೆಂಬರ್‌ವರೆಗೆ. ಒಂದು ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇದ್ದರೆ, ಕೆಲಸ ಬಿಟ್ಟ ಬಳಿಕವೂ ಅನುಗುಣವಾದ ಅವಧಿಯಲ್ಲಿ ಚಿಕಿತ್ಸೆಯ ಹಕ್ಕು ಉಳಿದಿರಬಹುದು. ಕಾರ್ಖಾನೆ, ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ನಮ್ಮ ಜನರಲ್ಲಿ ಅನೇಕರು ಇದನ್ನು ತಿಳಿಯದೆ, ಕೆಲಸ ಹೋದ ದಿನವೇ ಇಎಸ್‌ಐ ಕಾರ್ಡು ವ್ಯರ್ಥವಾಯಿತೆಂದು ಭಾವಿಸಿ ಖಾಸಗಿ ಆಸ್ಪತ್ರೆಗೆ ಹಣ ಕಟ್ಟುತ್ತಾರೆ. ಕಾರ್ಡನ್ನು ಹಿಡಿದು ಶಾಖಾ ಕಚೇರಿಯಲ್ಲಿ ಒಮ್ಮೆ ವಿಚಾರಿಸಬೇಕು.

ಬಡ ಕುಟುಂಬಗಳ ಪಾಲಿಗೆ ಸರಕಾರದ ಯೋಜನೆಗಳೂ ಇವೆ. 2018ರಲ್ಲಿ ಆರಂಭಗೊಂಡ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಯೋಜನೆಯಂತೆ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ದೊರೆಯುತ್ತದೆ. ಇತರರಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರಕಾರ ಭರಿಸುತ್ತದೆ. ತುರ್ತು ಸಂದರ್ಭಗಳ ಹೊರತು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಆರಂಭವಾಗಿ ನಡುವೆ ನಿಂತುಹೋಗಿದ್ದ 'ಯಶಸ್ವಿನಿ' ಯೋಜನೆಯೂ 2022-23ರಲ್ಲಿ ಮತ್ತೆ ಚಾಲನೆ ಪಡೆಯಿತು. ಅದರ ನೋಂದಣಿ ನಿಗದಿತ ಕಾಲದಲ್ಲಿ ಮಾತ್ರ ನಡೆಯುವುದರಿಂದ, ಹಾಲು ಉತ್ಪಾದಕರ ಸಂಘದಲ್ಲೋ ಕೃಷಿ ಪತ್ತಿನ ಸಂಘದಲ್ಲೋ ಸದಸ್ಯತ್ವ ಉಳ್ಳವರು ಕಾರ್ಯದರ್ಶಿಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು.

ವಾರ್ಷಿಕ ಪಾಲಿಸಿಯನ್ನೇ ಸೇತುವೆಯಾಗಿ

ಈ ಯಾವ ದಾರಿಯೂ ಇಲ್ಲದವರು ಒಂದು ವರ್ಷದ ಕುಟುಂಬ ಪಾಲಿಸಿಯನ್ನೇ ಕೊಳ್ಳುವುದು ಲೇಸು. 'ಎರಡು ತಿಂಗಳಿಗಾಗಿ ವರ್ಷದ ಹಣ ಏಕೆ ಕಟ್ಟಬೇಕು?' ಎಂಬ ಆಕ್ಷೇಪಕ್ಕೆ ನಿಯಮಗಳಲ್ಲಿಯೇ ಉತ್ತರವಿದೆ. 2024ರ ನಿಯಮಗಳಂತೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಷರತ್ತುಗಳು ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಅನಂತರವೂ ಏಳು ದಿನಗಳ ಲಿಖಿತ ಸೂಚನೆ ಕೊಟ್ಟು ರದ್ದುಪಡಿಸಬಹುದು. ಒಂದು ವರ್ಷದ ಪಾಲಿಸಿಯಲ್ಲಿ ಯಾವ ಕ್ಲೇಮೂ ಆಗಿರದಿದ್ದರೆ ಉಳಿದ ಅವಧಿಗೆ ಅನುಗುಣವಾದ ಕಂತು ಮರಳಿ ಬರುತ್ತದೆ. ಹೀಗೆ ವಾರ್ಷಿಕ ಪಾಲಿಸಿ ತಾತ್ಕಾಲಿಕವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಹೊಸ ನೌಕರಿ ದೊರೆತ ಸಂತೋಷದಲ್ಲಿ ಅದನ್ನು ರದ್ದುಪಡಿಸುವ ಮುನ್ನ ಎರಡು ಬಾರಿ ಯೋಚಿಸಬೇಕು. ಕಳೆದ ತಿಂಗಳುಗಳು ಕಾಯುವ ಅವಧಿಯ ಲೆಕ್ಕಕ್ಕೆ ಸೇರಿವೆ. ರದ್ದುಪಡಿಸಿದವನು ಮುಂದಿನ ಸಲ ಮೊದಲ ದಿನದಿಂದ ಆರಂಭಿಸಬೇಕಾಗುತ್ತದೆ, ಅದೂ ಹೆಚ್ಚಿದ ವಯಸ್ಸಿನಲ್ಲಿ. ವೈಯಕ್ತಿಕ ಮತ್ತು ಕುಟುಂಬ ಪಾಲಿಸಿಗಳ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲವಾಗಿರುವುದರಿಂದ ಹೊರೆಯೂ ತುಸು ಇಳಿದಿದೆ.

ಆರಿಸುವಾಗ ಕಂತಿನ ಮೊತ್ತವೊಂದನ್ನೇ ನೋಡಬಾರದು. ಕೊಠಡಿ ಬಾಡಿಗೆಗೆ ಮಿತಿ ಇದೆಯೆ ಎಂದು ಕೇಳಬೇಕು. ದಿನಕ್ಕೆ 5,000 ರೂಪಾಯಿಗಳ ಮಿತಿ ಇರುವವರು 8,000 ರೂಪಾಯಿಗಳ ಕೊಠಡಿ ಪಡೆದರೆ, ಅನೇಕ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ ಮುಂತಾದ ಖರ್ಚುಗಳೂ ಅದೇ ಪ್ರಮಾಣದಲ್ಲಿ, ಅಂದರೆ ಎಂಟರಲ್ಲಿ ಐದು ಪಾಲಿಗೆ, ಇಳಿಯುತ್ತವೆ. ಪ್ರತಿ ಬಿಲ್ಲಿನಲ್ಲಿ ನಮ್ಮ ಪಾಲು ಎಷ್ಟು, ನಮ್ಮೂರಿನ ಹತ್ತಿರದ ಯಾವ ಆಸ್ಪತ್ರೆಯಲ್ಲಿ ನಗದುರಹಿತ ಸೌಲಭ್ಯವಿದೆ, ಕಾಯುವ ಅವಧಿಗಳು ಎಷ್ಟೆಷ್ಟು ಎಂಬುದನ್ನೂ ಗಮನಿಸಬೇಕು. ಷರತ್ತುಗಳ ಗೊಂದಲ ಬೇಡವೆನ್ನುವವರಿಗೆ 2020ರ ಏಪ್ರಿಲ್‌ನಲ್ಲಿ ಬಂದ 'ಆರೋಗ್ಯ ಸಂಜೀವನಿ' ಎಂಬ ಪ್ರಮಾಣಿತ ಪಾಲಿಸಿ ಇದೆ. ಎಲ್ಲ ಸಂಸ್ಥೆಗಳಲ್ಲಿಯೂ ಇದರ ಮೂಲ ಷರತ್ತುಗಳು ಒಂದೇ. ದರ ಮಾತ್ರ ಬೇರೆ. ಕ್ಲೇಮಿನ ಶೇಕಡಾ 5ನ್ನು ವಿಮೆ ಪಡೆದವರೇ ಭರಿಸಬೇಕು. ಹೋಲಿಸಿ ನೋಡಲು ಇದು ಒಳ್ಳೆಯ ಅಳತೆಗೋಲು.

ವೃದ್ಧರ ವಿಷಯದಲ್ಲಿ ಇನ್ನೆರಡು ಸಂಗತಿಗಳಿವೆ. 65 ವರ್ಷ ದಾಟಿದವರಿಗೂ ಪಾಲಿಸಿ ನೀಡಲು 2024ರ ಏಪ್ರಿಲ್‌ನಿಂದ ದಾರಿ ತೆರೆದಿದೆ. 60 ದಾಟಿದವರ ಕಂತನ್ನು ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಸಂಸ್ಥೆಗಳು ಮೊದಲು ಪ್ರಾಧಿಕಾರದೊಡನೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ.

ಕೊಲ್ಲಿಯಿಂದ ಮರಳುವವರು

ಕರಾವಳಿಯ ಕುಟುಂಬಗಳಿಗೆ ಈ ಅಂತರದ ಅತ್ಯಂತ ಕಠಿಣ ರೂಪ ಎದುರಾಗುವುದು ಕೊಲ್ಲಿಯಿಂದ ಮರಳುವಾಗ. ದುಬೈಯಲ್ಲಿ 2013ರ ಕಾನೂನಿನಿಂದಲೂ, 2025ರ ಜನವರಿ 1ರಿಂದ ಯುಎಇಯ ಎಲ್ಲ ಎಮಿರೇಟುಗಳಲ್ಲಿಯೂ ಖಾಸಗಿ ನೌಕರರಿಗೆ ಆರೋಗ್ಯ ವಿಮೆ ಕಡ್ಡಾಯವಾಗಿದೆ. ಆದರೆ ಅದು ಅಲ್ಲಿಯ ನೌಕರಿಗೂ ವೀಸಾಕ್ಕೂ ಅಂಟಿಕೊಂಡಿರುವಂಥದ್ದು. ಇಪ್ಪತ್ತು ವರ್ಷ ದುಡಿದು, ಐವತ್ತೈದರ ವಯಸ್ಸಿನಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯೊಡನೆ ಊರಿಗೆ ಇಳಿಯುವವನಿಗೆ ಅಲ್ಲಿನ ವರ್ಷಗಳು ಇಲ್ಲಿನ ಪಾಲಿಸಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಭಾರತದ ವಿಮಾ ಸಂಸ್ಥೆಗಳಿಂದ ಅನಿವಾಸಿಗಳೂ ಪಾಲಿಸಿ ಕೊಳ್ಳಬಹುದು. ಮರಳುವ ಯೋಚನೆ ಇರುವವರು ಮೂರು ವರ್ಷ ಮೊದಲೇ ಇಲ್ಲಿ ಒಂದು ಪಾಲಿಸಿ ಆರಂಭಿಸಿದರೆ, ಊರಿಗೆ ಬರುವ ಹೊತ್ತಿಗೆ ಕಾಯುವ ಅವಧಿ ಮುಗಿದಿರುತ್ತದೆ. ಮನೆ ಕಟ್ಟಿಸಲು ಹಲವು ವರ್ಷ ಮೊದಲೇ ನಿವೇಶನ ಕೊಳ್ಳುವ ನಮ್ಮ ಜನರಿಗೆ ಇಂತಹ ಯೋಜನೆ ಹೊಸದೇನೂ ಅಲ್ಲ.

ಸತ್ಯ ಹೇಳುವುದರ ಲಾಭ

ಅವಸರದಲ್ಲಿ ಪಾಲಿಸಿ ಕೊಳ್ಳುವವರಿಗೆ ಎದುರಾಗುವ ಒಂದು ಪ್ರಲೋಭನೆಯಿದೆ. ಅರ್ಜಿಯಲ್ಲಿ 'ಯಾವುದಾದರೂ ರೋಗವಿದೆಯೆ?' ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆಯುವುದು. ವಿಮೆಯ ಒಪ್ಪಂದ ಪರಮ ವಿಶ್ವಾಸದ ಒಪ್ಪಂದವೆಂದು ಕಾನೂನು ಪರಿಗಣಿಸುತ್ತದೆ. ಸಕ್ಕರೆ ಕಾಯಿಲೆಯನ್ನೂ ಮೂತ್ರಪಿಂಡದ ತೊಂದರೆಯನ್ನೂ ಮರೆಮಾಚಿ ಮೆಡಿಕ್ಲೇಮ್ ಪಡೆದಿದ್ದ ಪ್ರಕರಣವೊಂದರಲ್ಲಿ, ಹಣ ನಿರಾಕರಿಸಿದ ವಿಮಾ ಸಂಸ್ಥೆಯ ನಿರ್ಧಾರವನ್ನು 2009ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಸತ್ಯವನ್ನು ಬರೆದವನಿಗೆ ಹೆಚ್ಚಿನ ಕಂತು ಬರಬಹುದು, ಮೂರು ವರ್ಷ ಕಾಯಬೇಕಾಗಬಹುದು. ಆದರೆ ಕಾಯ್ದು ಮುಗಿದ ಮೇಲೆ ಅವನ ಹಕ್ಕು ಗಟ್ಟಿಯಾಗಿರುತ್ತದೆ. 60 ತಿಂಗಳು ನಿರಂತರವಾಗಿ ಕಂತು ಕಟ್ಟಿದ ಪಾಲಿಸಿಯನ್ನು ವಂಚನೆ ಸಾಬೀತಾಗದ ಹೊರತು ಹಳೆಯ ಮಾಹಿತಿಯ ನೆಪದಲ್ಲಿ ಪ್ರಶ್ನಿಸಲಾಗದು ಎಂಬ ನಿಯಮವೂ ಇದೆ. ಏಜೆಂಟರು ಅರ್ಜಿ ತುಂಬಿದರೂ ಸಹಿ ನಮ್ಮದು. ಓದಿ ಸಹಿ ಮಾಡಬೇಕು, ಒಂದು ಪ್ರತಿ ಇಟ್ಟುಕೊಳ್ಳಬೇಕು.

ಕಂತಿನ ದಿನಾಂಕ ತಪ್ಪಿದರೆ ವಾರ್ಷಿಕ ಪಾಲಿಸಿಗೆ 30 ದಿನಗಳ ಹೆಚ್ಚುವರಿ ಗಡುವು ಇದೆ. ಅದರೊಳಗೆ ಕಟ್ಟಿದರೆ ನಿರಂತರತೆ ಉಳಿಯುತ್ತದೆ; ಆದರೆ ವರ್ಷದ ಕಂತನ್ನು ಒಟ್ಟಿಗೆ ಕಟ್ಟುವವರಿಗೆ ಆ ನಡುವಿನ ದಿನಗಳ ಕಾಯಿಲೆಗೆ ಹಣ ಸಿಗದು. ಕ್ಲೇಮು ಅನ್ಯಾಯವಾಗಿ ನಿರಾಕರಿಸಲ್ಪಟ್ಟರೆ ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ನರ ಕಚೇರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವಕೀಲರ ಅಗತ್ಯವಿಲ್ಲ.

ವಿಮೆ ಕೊಳ್ಳುವುದು ದೇವರ ಮೇಲಿನ ಭರವಸೆಯ ಕೊರತೆ ಎಂದು ಭಾವಿಸುವ ಕೆಲವು ಹಿರಿಯರು ನಮ್ಮ ನಡುವೆ ಇದ್ದಾರೆ. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣದ ಅಂಗಗಳನ್ನು ಎಣಿಸುವಾಗ ಸ್ಮರಣೆ, ದೂರದೃಷ್ಟಿ, ಎಚ್ಚರಿಕೆ ಇವುಗಳೊಡನೆ, ತಿಳಿದವರಿಂದ ಕಲಿಯುವ ವಿಧೇಯತೆಯನ್ನೂ ಸೇರಿಸಿದ್ದಾರೆ. ಮನೆಯವರ ನಾಳೆಯ ಕಷ್ಟಕ್ಕೆ ಇಂದು ಏರ್ಪಾಟು ಮಾಡುವ ಗೃಹಸ್ಥನು ಈ ಗುಣಗಳನ್ನೇ ಆಚರಿಸುತ್ತಾನೆ. ಗೊತ್ತಿಲ್ಲದ್ದನ್ನು ಕೇಳಿ ತಿಳಿಯಲು ನಾಚಿಕೆಪಡಬೇಕಾಗಿಲ್ಲ.

ಈ ವಾರ ಸಂಜೆಯ ಜಪಸರ ಮುಗಿದ ಬಳಿಕ ಮನೆಯವರೆಲ್ಲ ಕುಳಿತಿರುವಾಗ ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಬಹುದು: ಮನೆಯ ಪ್ರತಿಯೊಬ್ಬ ಸದಸ್ಯನ ಹೆಸರು, ಅವನು ಯಾವ ವಿಮೆಯಲ್ಲಿದ್ದಾನೆ, ಅದು ಯಾರ ನೌಕರಿಯನ್ನು ನೆಚ್ಚಿದೆ, ಯಾವ ದಿನಾಂಕಕ್ಕೆ ಮುಗಿಯುತ್ತದೆ. ಒಬ್ಬನೇ ಮಗನ ನೌಕರಿಯನ್ನು ಐದು ಹೆಸರುಗಳು ನೆಚ್ಚಿಕೊಂಡಿದ್ದರೆ, ತಾಯಿತಂದೆಯರ ಹೆಸರಿನಿಂದಲೇ ಸ್ವಂತ ಪಾಲಿಸಿಯ ಯೋಚನೆಯನ್ನು ಆರಂಭಿಸುವುದು ಒಳ್ಳೆಯದು.